ಹಳೇ ಕಾರಿಗೆ ಸಸ್ಪೆನ್ಷನ್ ಪಾರ್ಟ್ಸ್: ದಾವಣಗೆರೆ-ಹರಿಹರದವರು ಎಲ್ಲಿ ತಗೊಂಡ್ರೆ ಒಳ್ಳೇದು? ಪೂರ್ತಿ ಮಾಹಿತಿ ಇಲ್ಲಿದೆ

ದಾವಣಗೆರೆ: ನಿಜಲಿಂಗಪ್ಪ ಬಡಾವಣೆಯ ಯಾವುದೇ ಕ್ರಾಸ್‌ನಲ್ಲಿ ನಿಂತು ನೋಡಿ, ಮನೆ ಮುಂದೆ ನಿಂತಿರೋ ಕಾರುಗಳಲ್ಲಿ ಹತ್ತು-ಹದಿನೈದು ವರ್ಷ ಆದವು ಕಮ್ಮಿ ಏನಿಲ್ಲ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾ, ಅಲ್ಲೊಂದು ಇಲ್ಲೊಂದು ಮಾರುತಿ 800. ಇಂಜಿನ್ ಚೆನ್ನಾಗೇ ಇರುತ್ತೆ. ಆದ್ರೆ ಹಂಪ್ ಹತ್ತಿಸಿದ್ರೆ ಮುಂದಗಡೆ 'ಟಕ್ ಟಕ್' ಅನ್ನುತ್ತೆ. ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಕಂಪನಿದು ಹಾಕ್ಲಾ, ಲೋಕಲ್ ಹಾಕ್ಲಾ?"

ಈ ಪ್ರಶ್ನೆಗೆ ಬಹಳ ಜನ "ನೀನೇ ನೋಡಿ ಹಾಕಪ್ಪಾ" ಅಂದುಬಿಡ್ತಾರೆ. ಸೀಟ್ ಕವರ್ ವಿಷಯಕ್ಕೆ ಹಾಗಂದ್ರೆ ನಡೆಯುತ್ತೆ. ಸಸ್ಪೆನ್ಷನ್ ಹಾಗಲ್ಲ. ಚಕ್ರವನ್ನ ಕಾರಿಗೆ ಹಿಡಿದಿಟ್ಟಿರೋದೇ ಈ ಭಾಗಗಳು. ಬಾಲ್ ಜಾಯಿಂಟ್ ಕಳಚಿದ್ರೆ ಮುಂದಿನ ಚಕ್ರ ಹೊರಗಡೆ ಮಡಚಿಕೊಂಡು ಕಾರು ನೆಲಕ್ಕೆ ಕೂತುಬಿಡುತ್ತೆ. ಅದು ಬಡಾವಣೆಯ ಒಳಗೆ ಆದ್ರೆ ಟೋಯಿಂಗ್ ಖರ್ಚು. ಹರಿಹರಕ್ಕೆ ಹೋಗುವಾಗ ಹೈವೇ ಮೇಲೆ ಎಂಬತ್ತರ ವೇಗದಲ್ಲಿ ಆದ್ರೆ ಮನೆ ಮಂದಿಯ ಜೀವದ ಪ್ರಶ್ನೆ.

ಹಾಗಾಗಿ ಯಾವ ಪಾರ್ಟ್ ಎಲ್ಲಿ ತಗೋಬೇಕು, ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಏನು ಹೋಗಿದೆ ಅಂತ ಗೊತ್ತಾಗ್ಲಿ

ಶಬ್ದ ಬಂದ ತಕ್ಷಣ ಶಾಕ್ ಅಬ್ಸಾರ್ಬರ್ ಬದಲಾಯಿಸೋಕೆ ಹೋಗ್ಬೇಡಿ. ಒಂದೊಂದು ಭಾಗಕ್ಕೂ ಒಂದೊಂದು ಲಕ್ಷಣ ಇದೆ.

- ಹಂಪ್ ದಾಟಿದ ಮೇಲೂ ಕಾರು ಎರಡು-ಮೂರು ಸಲ ತೂಗಾಡಿದ್ರೆ ಶಾಕ್ ಅಬ್ಸಾರ್ಬರ್ ಸೋತಿದೆ. ಕಾರಿನ ಒಂದು ಮೂಲೆಯನ್ನ ಕೈಯಿಂದ ಒತ್ತಿ ಬಿಡಿ. ಒಂದು ಸಲ ಮೇಲೆ ಬಂದು ನಿಲ್ಲಬೇಕು. ಶಾಕ್ ಮೈಮೇಲೆ ಆಯಿಲ್ ಇಳಿದಿದ್ರೂ ಅದರ ಆಯಸ್ಸು ಮುಗಿದ ಹಾಗೆ.
- ಸಣ್ಣ ಸಣ್ಣ ಗುಂಡಿಯಲ್ಲಿ 'ಟಕ ಟಕ' ಅಂತಿದ್ರೆ ಲಿಂಕ್ ರಾಡ್, ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಮೌಂಟ್ ಮೇಲೆ ಅನುಮಾನ ಪಡಬೇಕು.
- ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಿರ್ ಅಂದ್ರೆ ಅಥವಾ ಸ್ಪ್ರಿಂಗ್ 'ಟಂಗ್' ಅಂತ ಜಿಗಿದ್ರೆ ಸ್ಟ್ರಟ್ ಮೇಲಿನ ಬೇರಿಂಗ್ ನೋಡಿಸಿ.
- ಬ್ರೇಕ್ ಹಾಕಿದಾಗ ಒಂದು ಕಡೆ ಎಳೆದ್ರೆ, ಗಾಡಿ ಎತ್ತುವಾಗ 'ಢಬ್' ಅಂದ್ರೆ ಲೋಯರ್ ಆರ್ಮ್ ಬುಷ್ ಹರಿದಿರೋ ಸಾಧ್ಯತೆ ಇದೆ.
- ಓಮ್ನಿ, ಬೊಲೆರೊ ತರಹದ ಗಾಡಿಗಳಿಗೆ ಹಿಂದೆ ಲೀಫ್ ಸ್ಪ್ರಿಂಗ್ ಅಂದ್ರೆ ಕಮಾನು ಪಟ್ಟಿ ಇರುತ್ತೆ. ಗಾಡಿ ಒಂದು ಕಡೆ ವಾಲಿದ್ರೆ ಪಟ್ಟಿ ಮುರಿದಿದೆಯಾ ನೋಡಿ.

ಮೆಕ್ಯಾನಿಕ್ ಹತ್ರ ಗಾಡಿ ಎತ್ತಿಸಿ, ಚಕ್ರ ಅಲುಗಾಡಿಸಿ, ಸಡಿಲ ಎಲ್ಲಿದೆ ಅಂತ ನಿಮ್ಮ ಕಣ್ಣಿಗೆ ತೋರಿಸೋಕೆ ಹೇಳಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಅಂಗಡಿಗೆ ಹೋಗೋ ಮುಂಚೆ ಕೈಯಲ್ಲಿ ಇರಬೇಕಾದ್ದು

"ಆಲ್ಟೊದು ಲೋಯರ್ ಆರ್ಮ್ ಕೊಡ್ರಿ" ಅಂದ್ರೆ ಸಾಲಲ್ಲ. ಒಂದೇ ಹೆಸರಿನ ಕಾರು ಹತ್ತಾರು ವರ್ಷದಲ್ಲಿ ಮೂರ್ನಾಲ್ಕು ಸಲ ಬದಲಾಗಿರುತ್ತೆ. ಹೊರಗಿಂದ ಒಂದೇ ತರ ಕಂಡ್ರೂ ಬೋಲ್ಟ್ ತೂತಿನಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ ಬಂದ್ರೆ ಕೂರಲ್ಲ. ಹಾಗಾಗಿ ಇಷ್ಟು ಇಟ್ಕೊಂಡು ಹೋಗಿ:

1. ಆರ್‌ಸಿ ಫೋಟೊ. ತಯಾರಾದ ತಿಂಗಳು-ವರ್ಷ ಮತ್ತು ಚಾಸಿ ನಂಬರ್ ಅದರಲ್ಲೇ ಇರುತ್ತೆ. ಅಧಿಕೃತ ಡೀಲರ್ ಕೌಂಟರ್‌ನಲ್ಲಿ ಚಾಸಿ ನಂಬರ್ ಹಾಕಿದ್ರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತೆ.
2. ಬಿಚ್ಚಿದ ಹಳೇ ಪಾರ್ಟ್, ಅದು ಆಗದಿದ್ರೆ ಅದರ ಮೇಲೆ ಒತ್ತಿರೋ ನಂಬರಿನ ಫೋಟೊ.
3. ಎಡಗಡೆಯದ್ದೋ ಬಲಗಡೆಯದ್ದೋ ಅನ್ನೋದು. ನಮ್ಮಲ್ಲಿ ಡ್ರೈವರ್ ಕೂರೋದು ಬಲಗಡೆ, ಅದಕ್ಕೆ ಡಬ್ಬದ ಮೇಲೆ ಆರ್‌ಎಚ್ ಅಂತ ಇರುತ್ತೆ.
4. ಪೆಟ್ರೋಲಾ, ಡೀಸೆಲ್ಲಾ, ಪವರ್ ಸ್ಟೀರಿಂಗ್ ಇದೆಯಾ ಇಲ್ವಾ. ಡೀಸೆಲ್ ಇಂಜಿನ್ ಭಾರ ಜಾಸ್ತಿ, ಮುಂದಿನ ಸ್ಪ್ರಿಂಗ್ ಬೇರೆ ಇರಬಹುದು.

ಪಾರ್ಟ್ ನಂಬರ್ ಒಂದು ಸಲ ಸಿಕ್ಕಿದ್ರೆ ಬರೆದಿಟ್ಕೊಳ್ಳಿ. ಆಮೇಲೆ ಯಾವ ಊರಿನ ಅಂಗಡಿಗೆ ಫೋನ್ ಮಾಡಿದ್ರೂ ರೇಟು ಹೋಲಿಸಬಹುದು.

ಮಾರ್ಕೆಟ್‌ನಲ್ಲಿ ಎಷ್ಟು ತರಹದ ಮಾಲು ಇದೆ

ಕೌಂಟರ್‌ನಲ್ಲಿ "ಒರಿಜಿನಲ್" ಅನ್ನೋ ಒಂದೇ ಪದಕ್ಕೆ ಎರಡು-ಮೂರು ಅರ್ಥ ಇದೆ. ಗೊಂದಲ ಶುರುವಾಗೋದೇ ಇಲ್ಲಿ.

*ಕಾರು ಕಂಪನಿಯ ಪೊಟ್ಟಣ:* ಮಾರುತಿ ಸುಜುಕಿಯ ಜೆನ್ಯೂನ್ ಪಾರ್ಟ್ಸ್, ಹ್ಯುಂಡೈಗೆ ಮೊಬಿಸ್ ಅಂತ ಬರೋದು. ನಿಮ್ಮ ಕಾರಿಗೆ ಸರಿಹೊಂದೋ ಭರವಸೆ ಇದರಲ್ಲಿ ಹೆಚ್ಚು, ರೇಟೂ ಸಾಮಾನ್ಯವಾಗಿ ಹೆಚ್ಚು.

*ಪಾರ್ಟ್ ತಯಾರಿಸೋ ಕಂಪನಿಯ ಸ್ವಂತ ಪೊಟ್ಟಣ:* ಕಾರು ಕಂಪನಿಗಳು ಶಾಕ್ ಅಬ್ಸಾರ್ಬರನ್ನ ತಾವೇ ಮಾಡಲ್ಲ, ಹೊರಗಿನ ಕಾರ್ಖಾನೆಯಿಂದ ತರಿಸ್ತಾವೆ. 1961ರಲ್ಲಿ ಶುರುವಾದ ಗೇಬ್ರಿಯಲ್ ಇಂಡಿಯಾ, ಮುಂಜಾಲ್ ಶೋವಾ ಇಂಥವು. ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಜಾಯಿಂಟ್‌ಗಳಲ್ಲಿ ಚೆನ್ನೈನ ರಾಣೆ ಹೆಸರು ಹಳೇದು. ಇವು ತಮ್ಮ ಹೆಸರಿನ ಡಬ್ಬದಲ್ಲೂ ಅಂಗಡಿಗೆ ಮಾಲು ಕೊಡ್ತಾವೆ. ಹಳೇ ಕಾರಿನವರಿಗೆ ಬಹುತೇಕ ಸಲ ಸರಿಯಾದ ಆಯ್ಕೆ ಇದೇ.

*ಬೇರೆ ಹೆಸರಾಂತ ಬ್ರ್ಯಾಂಡ್:* ಮನ್ರೋ, ಕೆವೈಬಿ ತರಹದವು. ನಿಮ್ಮ ಕಾರಿಗೆ ಮೊದಲು ಇವನ್ನ ಹಾಕಿರದಿದ್ರೂ ಜಗತ್ತಿನಾದ್ಯಂತ ಶಾಕ್ ಅಬ್ಸಾರ್ಬರ್ ಮಾಡೋ ಕಂಪನಿಗಳು. ನಿಮ್ಮ ಮಾಡೆಲ್‌ಗೆ ಅವರ ಪಟ್ಟಿಯಲ್ಲಿ ನಂಬರ್ ಇದ್ರೆ ಧೈರ್ಯವಾಗಿ ಹಾಕಿಸಬಹುದು.

*ಲೋಕಲ್:* ಸಣ್ಣ ತಯಾರಕರ ಮಾಲು, ಕೆಲವು ಸಲ ಡಬ್ಬದ ಮೇಲೆ ಹೆಸರು ಬಿಟ್ಟರೆ ವಿಳಾಸವೇ ಇರಲ್ಲ. ಲೋಕಲ್ ಅಂದ್ರೆ ಕಳ್ಳ ಮಾಲು ಅಂತಲ್ಲ. ಆದ್ರೆ ರಬ್ಬರ್, ಕಬ್ಬಿಣದ ಗುಣಮಟ್ಟ ಒಂದು ಡಬ್ಬದಿಂದ ಇನ್ನೊಂದಕ್ಕೆ ಬದಲಾಗುತ್ತೆ.

*ಡೂಪ್ಲಿಕೇಟ್:* ಹೆಸರಾಂತ ಕಂಪನಿಯ ಡಬ್ಬ ನಕಲು ಮಾಡಿ ಒಳಗೆ ಕಳಪೆ ಮಾಲು ಹಾಕಿರೋದು. ಇದು ಅಪರಾಧ. ಲೋಕಲ್ ಮಾಲು ತಾನು ಲೋಕಲ್ ಅಂತ ಒಪ್ಕೊಳ್ಳುತ್ತೆ, ಡೂಪ್ಲಿಕೇಟ್ ಸುಳ್ಳು ಹೇಳುತ್ತೆ. ವ್ಯತ್ಯಾಸ ಇಷ್ಟೇ.

*ಗುಜರಿ:* ಒಡೆದ ಕಾರಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್.

ಎಲ್ಲಿ ತಗೋಬೇಕು: ಆರು ದಾರಿ, ಲಾಭ-ನಷ್ಟ

1. ಅಧಿಕೃತ ಡೀಲರ್ ಕೌಂಟರ್. ಕಾರು ಸರ್ವಿಸ್‌ಗೆ ಬಿಡದೇ ಬರೀ ಪಾರ್ಟ್ ಕೂಡ ಕೊಂಡ್ಕೊಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸ್ಟಾಕ್ ಇಲ್ಲದಿದ್ರೆ ಆರ್ಡರ್ ಹಾಕಿಸಿ, ಎಷ್ಟು ದಿನ ಅಂತ ಕೇಳಿ. ಬಾಲ್ ಜಾಯಿಂಟ್, ಬುಷ್ ತರಹದ ಸಣ್ಣ ಐಟಂಗಳಿಗೆ ಇಲ್ಲಿನ ರೇಟು ಹೊರಗಿಗಿಂತ ಬಹಳ ದೂರ ಇರಲ್ಲ, ಕೇಳಿ ನೋಡಿ. ತೊಡಕು ಒಂದೇ: ಕೆಲವು ಮಾಡೆಲ್‌ಗೆ ಬುಷ್ ಬಿಡಿಯಾಗಿ ಕೊಡಲ್ಲ, ಇಡೀ ಆರ್ಮ್ ತಗೋಬೇಕು.

2. ಪಿ.ಬಿ. ರಸ್ತೆ ಕಡೆಯ ಆಟೋಮೊಬೈಲ್ ಅಂಗಡಿಗಳು. ಹರಿಹರ, ಮಲೇಬೆನ್ನೂರು, ಜಗಳೂರು ಕಡೆಯ ಮೆಕ್ಯಾನಿಕ್‌ಗಳೂ ಮಾಲಿಗೆ ದಾವಣಗೆರೆಗೇ ಬರ್ತಾರೆ. ದೊಡ್ಡ ಲಾಭ ಅಂದ್ರೆ ಅಂಗಡಿ ಎದುರಿಗೇ ಇದೆ. ಮಾಲು ಕೂರದಿದ್ರೆ ಮಧ್ಯಾಹ್ನಕ್ಕೇ ವಾಪಸ್ ತರಬಹುದು. ಎರಡು-ಮೂರು ಅಂಗಡಿಯಲ್ಲಿ ಅದೇ ಬ್ರ್ಯಾಂಡ್, ಅದೇ ನಂಬರಿನ ರೇಟು ಕೇಳಿ. ಬರೀ "ಆಲ್ಟೊ ಶಾಕ್ ಎಷ್ಟು" ಅಂತ ಕೇಳಿದ್ರೆ ಒಬ್ಬರು ಗೇಬ್ರಿಯಲ್ ರೇಟು ಹೇಳ್ತಾರೆ, ಇನ್ನೊಬ್ಬರು ಲೋಕಲ್ ರೇಟು ಹೇಳ್ತಾರೆ. ಆ ಹೋಲಿಕೆಗೆ ಅರ್ಥವೇ ಇಲ್ಲ.

3. ಮೆಕ್ಯಾನಿಕ್ ಕೈಲೇ ತರಿಸೋದು. ಮೆಕ್ಯಾನಿಕ್‌ಗೆ ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತೆ. ಅದರಲ್ಲಿ ಸ್ವಲ್ಪ ಅವರು ಇಟ್ಕೊಳ್ಳೋದು ಈ ವ್ಯಾಪಾರದಲ್ಲಿ ಇದ್ದದ್ದೇ, ಅದನ್ನ ಮೋಸ ಅನ್ನೋಕಾಗಲ್ಲ. ಅವರು ಅಂಗಡಿಗೆ ಓಡಾಡ್ತಾರೆ, ತಪ್ಪು ಮಾಲು ಬಂದ್ರೆ ಅವರೇ ಬದಲಾಯಿಸ್ತಾರೆ, ಶಬ್ದ ಮತ್ತೆ ಬಂದ್ರೆ ಅವರೇ ಜವಾಬ್ದಾರಿ. ನೀವೇ ಪಾರ್ಟ್ ತಂದುಕೊಟ್ರೆ "ನಿಮ್ಮ ಮಾಲು ಸರಿ ಇಲ್ಲ" ಅಂತ ಕೈ ತೊಳ್ಕೊಳ್ಳೋ ಅವಕಾಶ ಅವರಿಗೆ ಇರುತ್ತೆ. ಮೆಕ್ಯಾನಿಕ್ ಮೂಲಕ ತರಿಸೋದಾದ್ರೆ ಮೂರು ಷರತ್ತು ಹಾಕಿ: ಬ್ರ್ಯಾಂಡ್ ಯಾವುದು ಅಂತ ಮೊದಲೇ ಮಾತಾಗಬೇಕು, ಅಂಗಡಿ ಬಿಲ್ ಬೇಕು, ಹೊಸ ಡಬ್ಬ ಮತ್ತು ಹಳೇ ಪಾರ್ಟ್ ಎರಡೂ ನಿಮ್ಮ ಕೈಗೆ ಬರಬೇಕು.

4. ಬೆಂಗಳೂರಿನ ಜೆ.ಸಿ. ರಸ್ತೆ. ರಾಜ್ಯದಲ್ಲಿ ಆಟೋಮೊಬೈಲ್ ಬಿಡಿಭಾಗಕ್ಕೆ ಹೆಸರಾದ ಜಾಗ. ದಾವಣಗೆರೆಯಿಂದ ಸುಮಾರು 260 ಕಿ.ಮೀ. ಒಂದು ಲಿಂಕ್ ರಾಡ್‌ಗೋಸ್ಕರ ಹೋಗೋದು ದಂಡ. ನಾಲ್ಕೂ ಶಾಕ್, ಆರ್ಮ್, ಮೌಂಟ್ ಎಲ್ಲ ಒಟ್ಟಿಗೆ ಬೇಕಿದ್ರೆ ಅಥವಾ ಇಲ್ಲಿ ಸಿಗದ ಮಾಡೆಲ್ ಆದ್ರೆ ಲೆಕ್ಕ ಕೂಡುತ್ತೆ. ಹೇಗೂ ಬೇರೆ ಕೆಲಸಕ್ಕೆ ಹೋಗೋರಿದ್ರೆ ಪಾರ್ಟ್ ನಂಬರ್ ಬರೆದುಕೊಟ್ಟು ತರಿಸಿ. ಕೆಎಸ್‌ಆರ್‌ಟಿಸಿ 2021ರಲ್ಲಿ ಶುರು ಮಾಡಿದ 'ನಮ್ಮ ಕಾರ್ಗೋ' ಮತ್ತು ಖಾಸಗಿ ಪಾರ್ಸಲ್ ಸೇವೆಗಳಲ್ಲೂ ತರಿಸಬಹುದು. ಆದ್ರೆ ತಪ್ಪು ಮಾಲು ಬಂದ್ರೆ ವಾಪಸ್ ಕಳಿಸೋ ಖರ್ಚು ಯಾರದು ಅಂತ ದುಡ್ಡು ಹಾಕೋ ಮುಂಚೆ ಮಾತಾಡಿ.

5. ಆನ್‌ಲೈನ್. ಪಾರ್ಟ್ ನಂಬರ್ ಗೊತ್ತಿದ್ದವರಿಗೆ ಇದು ಅನುಕೂಲ, ಗೊತ್ತಿಲ್ಲದವರಿಗೆ ಜೂಜು. ಆಪ್‌ನ ಹೆಸರು ನೋಡಬೇಡಿ, ಅದರೊಳಗೆ ಮಾರ್ತಿರೋ ವ್ಯಾಪಾರಿ ಯಾರು ಅಂತ ನೋಡಿ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮದ ಪ್ರಕಾರ ವ್ಯಾಪಾರಿಯ ವಿವರ, ವಾಪಸಾತಿ ಷರತ್ತು ತೋರಿಸಲೇಬೇಕು. ದೂರು ಕೊಟ್ರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿ. ಮಾಲು ಕೈಗೆ ಬಂದು ಹಳೇದರ ಜೊತೆ ಹೋಲಿಸೋವರೆಗೂ ಗಾಡಿ ಬಿಚ್ಚಿಸಬೇಡಿ. ಬಿಚ್ಚಿದ ಕಾರು ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಂತ್ರೆ ಮೆಕ್ಯಾನಿಕ್‌ಗೂ ಕಷ್ಟ, ನಿಮಗೂ ಕಷ್ಟ.

6. ಗುಜರಿ. ಇಲ್ಲಿ ಗೆರೆ ಸ್ಪಷ್ಟವಾಗಿರಲಿ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಶಾಕ್, ರಬ್ಬರ್ ಬುಷ್ ಇವನ್ನ ಸೆಕೆಂಡ್ ಹ್ಯಾಂಡ್ ತಗೋಲೇಬೇಡಿ. ಅವು ಸವೆದೇ ಬಂದಿರುತ್ತವೆ. ಹಿಂದಿನ ಆಕ್ಸಲ್, ಕ್ರಾಸ್ ಮೆಂಬರ್, ನಕಲ್ ತರಹದ ದಪ್ಪ ಕಬ್ಬಿಣದ ಭಾಗ ಹೊಸದು ಸಿಗದೇ ಇದ್ದಾಗ ತಗೋಬಹುದು. ಆಗಲೂ ಬಿರುಕು, ವೆಲ್ಡಿಂಗ್ ಗುರುತು, ಬಾಗಿರೋದು ಇದೆಯಾ ಅಂತ ಮೆಕ್ಯಾನಿಕ್ ಜೊತೆಗೇ ಹೋಗಿ ನೋಡಿ. ಎಲ್ಲಿಂದ ಬಂದ ಮಾಲು ಅಂತ ಬಿಲ್ಲಿನಲ್ಲಿ ಬರೆಸಿ. ಕದ್ದ ಗಾಡಿಯ ಮಾಲು ಆದ್ರೆ ನಿಮ್ಮ ತಲೆಗೂ ಬರುತ್ತೆ.

ಉತ್ಪಾದನೆ ನಿಂತ ಕಾರುಗಳ ಕಥೆ

ಮಾರುತಿ 800 ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಅಂಬಾಸಿಡರ್, 2018ರಲ್ಲಿ ಇಂಡಿಕಾ, 2019ರಲ್ಲಿ ಓಮ್ನಿ ನಿಂತವು. ಇವು ಲಕ್ಷಗಟ್ಟಲೆ ಓಡಿದ ಗಾಡಿಗಳು, ಪಾರ್ಟ್ ಮಾಡೋರು ಇನ್ನೂ ಇದ್ದಾರೆ. ಮಾರುತಿ 800 ಅಥವಾ ಓಮ್ನಿ ಇಟ್ಕೊಂಡೋರು ಹೆಚ್ಚು ಗಾಬರಿ ಆಗ್ಬೇಕಿಲ್ಲ.

ಕಷ್ಟ ಇರೋದು ಕಂಪನಿಯೇ ಇಲ್ಲಿಂದ ಎದ್ದು ಹೋದ ಕಾರುಗಳಿಗೆ. ಷೆವರ್ಲೆ ಮಾರಾಟ 2017ರ ಕೊನೆಗೆ ನಿಂತಿತು. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂತ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಬೀಟ್, ಟವೇರಾ, ಫಿಗೊ ಇರೋರು ಪಾರ್ಟ್ ಪೂರ್ತಿ ಹೋಗೋವರೆಗೆ ಕಾಯಬೇಡಿ. ಶಬ್ದ ಶುರುವಾದಾಗಲೇ ಪಾರ್ಟ್ ನಂಬರ್ ಹುಡುಕಿ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಮೂರೂ ಕಡೆ ವಿಚಾರಿಸಿ ಇಟ್ಕೊಳ್ಳಿ. "ಬೇರೆ ಕಾರಿಂದು ಕೂರುತ್ತೆ ಬಿಡ್ರಿ" ಅಂದ್ರೆ ಯಾವ ಕಾರು, ಯಾವ ವರ್ಷ, ಏನಾದ್ರೂ ಕೊರೆಯಬೇಕಾ ಅಂತ ಕೇಳಿ. ತೂತು ಅಗಲ ಮಾಡಿ, ವಾಷರ್ ತುಂಬಿ ಕೂರಿಸೋದಾದ್ರೆ ಬೇಡವೇ ಬೇಡ ಅನ್ನಿ.

ಅಗ್ಗದ ಮಾಲು ದುಬಾರಿ ಆಗೋದು ಹೀಗೆ

ಲೆಕ್ಕ ಅರ್ಥ ಆಗ್ಲಿ ಅಂತ ಒಂದು ಉದಾಹರಣೆ, ಇದು ಯಾವ ಅಂಗಡಿಯ ರೇಟೂ ಅಲ್ಲ. ಲೋಕಲ್ ಪಾರ್ಟ್ 1,200 ರೂ., ಒಳ್ಳೆ ಬ್ರ್ಯಾಂಡ್ 2,000 ರೂ. ಅಂತ ಇಟ್ಕೊಳ್ಳಿ. ಲೇಬರ್ ಮತ್ತು ವೀಲ್ ಅಲೈನ್‌ಮೆಂಟ್ ಸೇರಿ 1,500 ರೂ. ಒಳ್ಳೇದು ಹಾಕಿದ್ರೆ ಒಟ್ಟು 3,500. ಲೋಕಲ್ ಹಾಕಿದ್ರೆ 2,700, ಅಂದ್ರೆ 800 ಉಳೀತು.

ಆದ್ರೆ ಲೋಕಲ್ ಎಂಟು ತಿಂಗಳಿಗೆ ಹೋದ್ರೆ ಮತ್ತೆ 2,700. ಒಟ್ಟು 5,400. ಅಂಗಡಿಯವರು ವಾರಂಟಿಯಲ್ಲಿ ಬೇರೆ ಪಾರ್ಟ್ ಪುಕ್ಕಟೆ ಕೊಟ್ರೂ ಲೇಬರ್ ನಿಮ್ಮದೇ. ಆಗಲೂ 4,200. ಪಾರ್ಟ್‌ಗೆ ವಾರಂಟಿ ಇರುತ್ತೆ, ಬಿಚ್ಚಿ ಹಾಕೋ ಕೂಲಿಗೆ ಸಾಮಾನ್ಯವಾಗಿ ಇರಲ್ಲ.

ಹಾಗಂತ ಎಲ್ಲದಕ್ಕೂ ದುಬಾರಿ ಮಾಲೇ ಬೇಕಿಲ್ಲ. ಇನ್ನೊಂದು ವರ್ಷದಲ್ಲಿ ಕಾರು ಕೊಡೋರು ನೀವಾದ್ರೆ ಕಂಪನಿ ಶಾಕ್ ಬದಲು ಹೆಸರಾಂತ ಬ್ರ್ಯಾಂಡಿನ ಶಾಕ್ ಸಾಕು. ಆದ್ರೆ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಲೋಯರ್ ಆರ್ಮ್ ಈ ಮೂರರಲ್ಲಿ ಚೌಕಾಸಿ ಬೇಡ. ನಿಮ್ಮಿಂದ ಆ ಕಾರು ತಗೊಳ್ಳೋರೂ ಮಕ್ಕಳು-ಮರಿ ಕೂರಿಸ್ಕೊಂಡೇ ಓಡಾಡೋದು.

ಇನ್ನು ಮೂರು ಉಳಿತಾಯ ಬೇಡವೇ ಬೇಡ:

- ಒಂದೇ ಕಡೆ ಶಾಕ್ ಬದಲಾಯಿಸೋದು. ಮುಂದಿನ ಎರಡು ಅಥವಾ ಹಿಂದಿನ ಎರಡು ಜೋಡಿಯಾಗೇ ಹಾಕಿಸಿ. ಇಲ್ಲದಿದ್ರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಎರಡು ಕಡೆ ಎರಡು ತರ ವರ್ತಿಸುತ್ತೆ.
- ಸೋರ್ತಿರೋ ಶಾಕ್‌ಗೆ ಆಯಿಲ್ ತುಂಬಿಸಿ ವೆಲ್ಡ್ ಮಾಡಿಸೋದು. ಒಳಗಿನ ವಾಲ್ವ್ ಸವೆದಿದ್ರೆ ಆಯಿಲ್ ಏನೂ ಮಾಡಲ್ಲ.
- ಕೂತುಹೋದ ಸ್ಪ್ರಿಂಗ್ ಮಧ್ಯೆ ರಬ್ಬರ್ ತುಂಡು ಸಿಗಿಸೋದು. ಕಾರು ಎತ್ತರ ಕಾಣುತ್ತೆ, ರೋಗ ಹಾಗೇ ಇರುತ್ತೆ.

ಸ್ಟ್ರಟ್ ಬಿಚ್ಚಿದಾಗ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಕವರ್ ಕೂಡ ನೋಡಿಸಿ. ಲೇಬರ್ ಒಂದೇ ಸಲ ಬೀಳುತ್ತೆ. ಲೋಯರ್ ಆರ್ಮ್ ಬುಷ್ ಬೋಲ್ಟನ್ನ ಚಕ್ರ ನೆಲಕ್ಕೆ ಕೂತು ಕಾರಿನ ಭಾರ ಬಿದ್ದ ಮೇಲೆ ಕೊನೇ ಬಿಗಿ ಮಾಡಬೇಕು. ಎತ್ತಿದಲ್ಲೇ ಬಿಗಿ ಮಾಡಿದ್ರೆ ಹೊಸ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ಆಮೇಲೆ ಬೈಗುಳ ಬೀಳೋದು ಪಾರ್ಟ್ ಕೊಟ್ಟ ಅಂಗಡಿಯವರಿಗೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸದೇ ಮನೆಗೆ ಬರಬೇಡಿ, ಹೊಸ ಟೈರ್ ಕೂಡ ಒಂದೇ ಬದಿ ಸವೆದು ಹೋಗುತ್ತೆ.

ನಕಲಿ ಗುರುತಿಸೋದು ಹೇಗೆ

ಪೊಟ್ಟಣದಲ್ಲಿ ಮಾರೋ ಮಾಲಿನ ಮೇಲೆ ತಯಾರಕರ ಹೆಸರು-ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ, ಗ್ರಾಹಕ ಸಂಪರ್ಕದ ವಿವರ ಇರಬೇಕು ಅನ್ನೋದು 2011ರ ಕಾನೂನು ಮಾಪನ ಪೊಟ್ಟಣ ನಿಯಮ. ಇದ್ಯಾವುದೂ ಇಲ್ಲದ ಡಬ್ಬ "ಒರಿಜಿನಲ್" ಆಗಲ್ಲ. ಅಕ್ಷರ ಮಸುಕಾಗಿದ್ಯಾ, ಸ್ಪೆಲ್ಲಿಂಗ್ ತಪ್ಪಿದ್ಯಾ, ಡಬ್ಬದ ನಂಬರೂ ಪಾರ್ಟಿನ ನಂಬರೂ ಒಂದೇನಾ ನೋಡಿ. ಹೊಲೊಗ್ರಾಂ, ಕ್ಯೂಆರ್ ಕೋಡ್ ಇದ್ರೆ ಅಲ್ಲೇ ಸ್ಕ್ಯಾನ್ ಮಾಡಿ. ಹೊಸ ಬಾಲ್ ಜಾಯಿಂಟ್ ಕೈಯಲ್ಲಿ ತಿರುಗಿಸಿದ್ರೆ ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು. ಲೊಡಲೊಡ ಅಂದ್ರೆ ಬೇಡ. ರಬ್ಬರ್‌ಗೆ ವಯಸ್ಸಿದೆ, ಬಹಳ ವರ್ಷ ಅಂಗಡಿಯಲ್ಲೇ ಕೂತು ಗೆರೆ ಬಿಟ್ಟಿರೋ ಬುಷ್ ತಗೋಬೇಡಿ.

ಎಲ್ಲರೂ ಒಂದು ರೇಟು ಹೇಳಿ ಒಬ್ಬರು ಮಾತ್ರ ಅದರ ಅರ್ಧಕ್ಕೆ ಅದೇ ಕಂಪನಿ ಡಬ್ಬ ಕೊಟ್ರೆ ಅದನ್ನ ಅದೃಷ್ಟ ಅಂದ್ಕೋಬೇಡಿ.

ಬಿಲ್, ಜಿಎಸ್‌ಟಿ, ದೂರು

ಕಾರಿನ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಶಾಕ್ ಅಬ್ಸಾರ್ಬರ್ ಸೇರಿ ಬಹಳಷ್ಟಕ್ಕೆ ಮೊದಲು ಶೇ. 28 ಇತ್ತು. ಅಂದ್ರೆ ತೆರಿಗೆ ಬಿಟ್ಟು 1,000 ರೂ. ಇದ್ದ ಪಾರ್ಟ್ 1,280ರ ಬದಲು 1,180ಕ್ಕೆ ಬರಬೇಕು. ಹಳೇ ಸ್ಟಾಕಿನ ಡಬ್ಬದ ಮೇಲೆ ಹಳೇ ಎಂಆರ್‌ಪಿ ಇದ್ರೆ ಹೊಸ ತೆರಿಗೆಯ ರೇಟು ಕೇಳಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ. "ಎಂಆರ್‌ಪಿ ಮೇಲೆ ಜಿಎಸ್‌ಟಿ ಬೇರೆ" ಅಂತ ಕೇಳೋ ಹಾಗಿಲ್ಲ.

"ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಅಂದಾಗ ಆಸೆ ಆಗುತ್ತೆ. ಆದ್ರೆ ಬಿಲ್ ಇಲ್ಲದೆ ವಾರಂಟಿ ಕೇಳೋದು ಕಷ್ಟ, ದೂರಿಗೆ ದಾಖಲೆಯೂ ಇರಲ್ಲ. ಬಿಲ್ಲಿನಲ್ಲಿ ಬ್ರ್ಯಾಂಡ್ ಹೆಸರು, ಪಾರ್ಟ್ ನಂಬರ್ ಬರೆಸಿ. ಬರೀ "ಶಾಕ್ 2 ನಗ" ಅಂತ ಬರೆದ್ರೆ ಅದರಿಂದ ಏನೂ ಸಾಬೀತಾಗಲ್ಲ.

ಮೋಸ ಆದ್ರೆ ಮೊದಲು ಅಂಗಡಿಯವರ ಹತ್ರ ಮಾತಾಡಿ, ಬಹುತೇಕ ಅಲ್ಲೇ ಮುಗಿಯುತ್ತೆ. ಮುಗಿಯದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ದೂರಿಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಕೊಡಬೇಕು.

ಅಂಗಡಿಯವರಿಗೂ ಒಂದು ಮಾತು

ಗಿರಾಕಿ ಲೋಕಲ್ ಕೇಳಿದ್ರೆ ಲೋಕಲ್ ಅಂತಲೇ ಹೇಳಿ ಕೊಡಿ, ತಪ್ಪಿಲ್ಲ. ಎರಡೂ ಡಬ್ಬ ಕೌಂಟರ್ ಮೇಲಿಟ್ಟು ರೇಟು, ವಾರಂಟಿ ಹೇಳಿದ್ರೆ ಅವರೇ ಆರಿಸ್ಕೊಳ್ತಾರೆ. ವಾಪಸ್ ತಗೊಳ್ಳೋ ಷರತ್ತು ಬೋರ್ಡಿನಲ್ಲಿ ಬರೆದು ಹಾಕಿದ್ರೆ ಅರ್ಧ ಜಗಳ ತಪ್ಪುತ್ತೆ. ಆನ್‌ಲೈನ್ ಜೊತೆ ರೇಟಿನಲ್ಲಿ ಪೈಪೋಟಿ ಕಷ್ಟ ಇರಬಹುದು. ಆದ್ರೆ "ಕೂರದಿದ್ರೆ ಸಂಜೆ ತಂದುಕೊಡ್ರಿ" ಅನ್ನೋ ಮಾತು ಆನ್‌ಲೈನ್‌ನಲ್ಲಿ ಸಿಗಲ್ಲ.

ದುಡ್ಡು ಕೊಡೋ ಮುಂಚೆ ಒಂದು ಸಲ ನೋಡ್ಕೊಳ್ಳಿ

- ಯಾವ ಪಾರ್ಟ್ ಹೋಗಿದೆ ಅಂತ ಕಣ್ಣಾರೆ ನೋಡಿದ್ರಾ?
- ಚಾಸಿ ನಂಬರಿಂದ ಪಾರ್ಟ್ ನಂಬರ್ ಖಚಿತ ಆಯ್ತಾ?
- ಒಂದೇ ಬ್ರ್ಯಾಂಡಿನ ರೇಟು ಎರಡು ಕಡೆ ಕೇಳಿದ್ರಾ?
- ಹಳೇದರ ಪಕ್ಕ ಹೊಸದು ಇಟ್ಟು ಹೋಲಿಸಿದ್ರಾ?
- ಬಿಲ್ಲಿನಲ್ಲಿ ಬ್ರ್ಯಾಂಡ್, ನಂಬರ್, ತಾರೀಖು ಇದೆಯಾ?
- ಅಲೈನ್‌ಮೆಂಟ್ ಖರ್ಚು ಲೆಕ್ಕಕ್ಕೆ ತಗೊಂಡ್ರಾ?

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ನಿಮ್ಮ ಕೆಎ-17 ಗಾಡಿಗೆ ಆ ದಿನ ಹತ್ತಿರ ಬಂದಿದ್ರೆ ಸಸ್ಪೆನ್ಷನ್ ಕೆಲಸ ಅದಕ್ಕೆ ಒಂದೆರಡು ತಿಂಗಳು ಮುಂಚೆಯೇ ಮುಗಿಸಿ. ಕೊನೇ ವಾರದಲ್ಲಿ ಓಡಾಡಿದ್ರೆ ಸಿಕ್ಕಿದ ಮಾಲನ್ನ ಹೇಳಿದ ರೇಟಿಗೆ ತಗೋಬೇಕಾಗುತ್ತೆ.